ಮೆಜೆಸ್ಟಿಕ್ಕಿನ ಬಸ್ಸುಗಳು

ಬೆಂಗಳೂರು
9-3-1993

ಪ್ರೀತಿಯ ಅಕ್ಕ,

ಪಾಲಹಳ್ಳಿಯಲ್ಲಿ ನೀನು, ಭಾವ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಎರಡು ದಿನದಿಂದ ಮೆಜೆಸ್ಟಿಕ್ಕಿನಲ್ಲಿ ನಿಂತು ಬಸ್ಸುಗಳನ್ನೇ ನೋಡುತ್ತಿದ್ದೇನೆ. ಇಷ್ಟೊಂದು ಬಸ್ಸುಗಳನ್ನು ಒಟ್ಟಿಗೆ ನೋಡಿದ್ದೇ ಇಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಗೇಣು ಜಾಗ, ಆದರೂ ಸವರದೆ ಹೊರಬರುತ್ತವೆ. ಡಬಲ್ ಡೆಕ್ಕರ್ ತಿರುವಿನಲ್ಲಿ ವಾಲಿದಾಗ ನನ್ನ ಕೈಯೂ ತಾನಾಗಿ ತಿರುಗಿತು.

ಡ್ರೈವರ್ ಆಯ್ಕೆಗೆಂದು ಬಂದಿದ್ದೆನಲ್ಲ, ಓಡಿಸುವ ಪರೀಕ್ಷೆಯಲ್ಲಿ ನಾನೇ ಮೊದಲಿಗ. ಆಮೇಲೆ ಕಣ್ಣಿನ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, ಅದರೊಳಗಿನ ಅಂಕಿ ಓದಲು ಹೇಳಿದರು. ನನಗೆ ಬರೀ ಚುಕ್ಕಿಗಳು ಕಂಡವು. ಅವರೂ ಮಂಡ್ಯದ ಕಡೆಯವರೇ. ಹೆಗಲ ಮೇಲೆ ಕೈಯಿಟ್ಟು, "ನಿಂಗೆ ಕೆಂಪು, ಅಸ್ರು ಬ್ಯಾರೆ ಬ್ಯಾರೆ ಕಾಣಾಕಿಲ್ಲ ಕಣಪ್ಪ. ಉಟ್ದಾಗ್ನಿಂದ್ಲೂ ಇಂಗೇಯ. ಇದ್ಕೆ ಔಸ್ದಿ ಇಲ್ಲ, ಬಸ್ಸಿನ ಆಸೆ ಬುಟ್ಬುಡು" ಎಂದರು.

ನಾಗಮಂಗಲದವರಿಗೆ ನೀನೇ ಹೋಗಿ ಹೇಳು. ಶುಕ್ರವಾರದ ನಿಶ್ಚಿತಾರ್ಥಕ್ಕೆ ಮುಂಚೆಯೇ ಅವರಿಗೆ ತಿಳಿಯಲಿ. ಡ್ರೈವರ್ ಕೆಲಸ ಸಿಗುತ್ತದೆಂದೇ ಸುಜಾತಳನ್ನು ಕೊಡಲು ಒಪ್ಪಿದ್ದರು. "ನೀವು ಓಡ್ಸೋ ಬಸ್ನಾಗೆ ಮುಂದ್ಲ ಸೀಟು ನಂದೇಯ" ಎಂದು ಅವಳು ನಕ್ಕಿದ್ದಳು. ಈಗ ಅವಳ ಎದುರು ನಿಲ್ಲಲಾರೆ. ಅವರು ಬೇಡವೆಂದರೆ ಜಗಳಕ್ಕೆ ಹೋಗಬೇಡ, ಅವಳನ್ನು ಏನೂ ಅನ್ನಬೇಡ.

ಊರಿಗೆ ಹೋಗಿ ಅಪ್ಪನಿಗೆ ಮುಖ ತೋರಿಸುವ ಧೈರ್ಯವಿಲ್ಲ. ಭಾವನ ಕಬ್ಬಿನ ಗದ್ದೆಯಲ್ಲಿ ಕೆಲಸವಿದ್ದರೆ ನಿಮ್ಮಲ್ಲಿಗೇ ಬರುತ್ತೇನೆ. ಮಲಗುವುದಕ್ಕೆ ಹಿತ್ತಲ ಕೊಟ್ಟಿಗೆಯಾದರೂ ಸರಿ, ರಸ್ತೆ ಕಡೆಯ ಕೋಣೆ ಮಾತ್ರ ಬೇಡ ಅಕ್ಕ. ಅಲ್ಲಿ ಕಿಟಕಿಯ ಎದುರೇ ಬಸ್ಸು ನಿಲ್ಲುತ್ತದೆ.

ನಿನ್ನ ತಮ್ಮ,
ಚಲುವರಾಜು