ಅತ್ತಿಗೆಯ ಹೆಸರಿನ ಐದು ಕಲ್ಲು

ಪ್ರೀತಿಯ ಅತ್ತಿಗೆ,

ಹಜೀರಾ ಕಾಲೊನಿಯ ನಮ್ಮ ವಾಕಿಂಗ್ ಗುಂಪು ಗ್ರೀಸಿನ ಒಂದು ಬೆಟ್ಟದ ಹಳ್ಳಿಗೆ ಬಂದಿದೆ. ಇಲ್ಲಿ ಗೋಡೆಯೂ ಕಲ್ಲು, ಸೂರೂ ಕಲ್ಲು. ಕಾಲುದಾರಿಯ ತಿರುವುಗಳಲ್ಲೂ ಪುಟ್ಟ ಪುಟ್ಟ ಕಲ್ಲಿನ ಗುಪ್ಪೆಗಳು! ಸ್ವಂತ ಮನೆಯಾಗಲೆಂದು ಬೇಡಿಕೊಂಡು ನಮ್ಮೂರ ಬೆಟ್ಟದಲ್ಲಿ ಕಲ್ಲು ಜೋಡಿಸುತ್ತೇವಲ್ಲ, ಇವರಿಗೂ ಅದೇ ಪದ್ಧತಿ ಎಂದುಕೊಂಡೆ. ಅಣ್ಣನೂ ನೀವೂ ಇನ್ನೆಷ್ಟು ವರ್ಷ ಮಂಜಲ್‌ಪುರದ ಬಾಡಿಗೆ ಮನೆಯಲ್ಲಿರುವುದು? ನಿಮ್ಮ ಹೆಸರಿನಲ್ಲಿ ಐದು ಕಲ್ಲು ಪೇರಿಸಿ, ಕೈಮುಗಿದು ಮುಂದೆ ಹೋದೆ.

ನೋಡಿದರೆ ಅವು ದಾರಿ ತೋರಿಸುವ ಗುರುತಂತೆ! ಹಿಂದೆ ಬರುತ್ತಿದ್ದ ನಮ್ಮವರೂ ಇನ್ನೂ ಆರು ಜನರೂ ನನ್ನ ಗುಪ್ಪೆಯನ್ನು ನಂಬಿ ಪಕ್ಕದ ಇಳಿಜಾರಿಗೆ ತಿರುಗಿದ್ದಾರೆ. ಗಾಬರಿಯಿಂದ ಹುಡುಕಿಕೊಂಡು ಹೋದರೆ, ಮೇಕೆ ಸಾಕುವ ಅಜ್ಜಿಯೊಬ್ಬಳ ಮನೆಯೊಳಗೆ ಎಲ್ಲರೂ ಸಾಲಾಗಿ ಕೂತು ಬಿಸಿ ಬ್ರೆಡ್ಡು, ಜೇನುತುಪ್ಪ ತಿನ್ನುತ್ತಿದ್ದರು.

“ಯಾವ ಪುಣ್ಯಾತ್ಮ ಇಟ್ಟ ಕಲ್ಲೋ, ಚೆನ್ನಾಗಿರ್ಲಪ್ಪ” ಎಂದರು ನಮ್ಮವರು.

“ನಾನೇ ಕಣ್ರೀ” ಎಂದೆ. ತಿನ್ನುವುದು ನಿಂತೇ ಹೋಯಿತು.

ನನ್ನ ಜೊತೆ ಬಂದಿದ್ದ ಗೈಡ್ ಗುಪ್ಪೆ ಕೆಡವಲು ಹೊರಟ. ಅದು ಮನೆಗಾಗಿ ಇಟ್ಟ ಹರಕೆ ಎಂದು ಅವನ ಬಾಯಿಂದ ತಿಳಿದ ಅಜ್ಜಿ, ಐದೂ ಕಲ್ಲನ್ನು ತರಿಸಿ ತನ್ನ ಹೊಸಿಲ ಪಕ್ಕ ಜೋಡಿಸಿಕೊಂಡಳು. ಅಷ್ಟರಲ್ಲಿ ಒಂದು ಮೇಕೆ ನಮ್ಮನ್ನೆಲ್ಲ ದಾಟಿಕೊಂಡು ಒಳಗೆ ನುಗ್ಗಿತು.

ನನ್ನ ಮಂಡಿ ನೋಯುತ್ತಿಲ್ಲ. ಗುಂಪಿನ ಜಿಗ್ನಾಬೆನ್ ಕಟ್ಟಿಕೊಂಡು ತಂದ ಮೆಂತ್ಯದ ರೊಟ್ಟಿ, ಥೇಪ್ಲಾ ಮಾತ್ರ ನಿನ್ನೆಗೇ ಖಾಲಿ. ಬಸ್ಸು ಹಾರ್ನ್ ಹೊಡೆಯುತ್ತಿದೆ, ಕಾರ್ಡಿನಲ್ಲಿ ಜಾಗವೂ ಇಲ್ಲ. ಅಣ್ಣನಿಗೆ ಹೇಳಿ: ಹಸುವಿನ ಬದಲು ಮೇಕೆ ಒಳಗೆ ಬಂತು, ಊಟವೂ ಆಯಿತು, ನಿಮ್ಮ ಗೃಹಪ್ರವೇಶ ಮುಗಿಯಿತು. ಇನ್ನು ಮನೆಯೊಂದನ್ನು ನೋಡಿಕೊಂಡರೆ ಸಾಕು.

ನಿಮ್ಮ ನಾದಿನಿ,
ಪ್ರೇಮಾ