ಆಂಪಿನ ಬೆನ್ನಿಗೊಂದು ಕಿಟಕಿ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ಗುಬ್ಬಿಗೆ,

ಹೇಗಿದ್ದೀಯ ಮಗಳೇ? ಆ ಕೆಮ್ಮು ಹೋಯಿತೋ ಇಲ್ಲವೋ? ಕಾಗದದ ಕಾರ್ಖಾನೆಯ ಲ್ಯಾಬಿನಲ್ಲಿ ದಿನವಿಡೀ ಆ ವಾಸನೆಯ ನಡುವೆ ನಿಂತರೆ ಕೆಮ್ಮು ಬರದೆ ಇನ್ನೇನು ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೋ ಅಂದರೆ ನೀನು ಕೇಳುವವಳೇ? ಬಿಸಿನೀರು ಕುಡಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಕೆಲಸಕ್ಕೆ ಹೋಗುವಾಗ ಲಾಂಡ್ರಿಯ ಮೆಟ್ಟಿಲು ಕಂಡರೆ ನೋಯುತ್ತದೆ, ಮನೆಗೆ ಬರುವಾಗ ನೋಯುವುದಿಲ್ಲ, ಅದಕ್ಕೂ ಬುದ್ಧಿ ಬಂದಿದೆ. ಫೋನಿದ್ದೂ ಇವಳು ಯಾಕೆ ಪತ್ರ ಬರೆದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಗಿಟಾರಿನ ಮಾತೆತ್ತಿದರೆ ಸಾಕು, ‘ಬಿಡಮ್ಮ ಅದನ್ನ’ ಅಂತ ಕಟ್ ಮಾಡುತ್ತೀಯ. ಪತ್ರವನ್ನು ಕಟ್ ಮಾಡಲು ಬರುವುದಿಲ್ಲ. ಓದದೆ ಹರಿದು ಹಾಕಿದರೆ ನನ್ನಾಣೆ.

ಈಗ ಸುದ್ದಿ ಕೇಳು. ನಿನ್ನೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನೀನು ಹೇಳಿದ್ದೆಯಲ್ಲ, ಗಿಟಾರು, ಆಂಪೆಂಬ ಆ ಸ್ಪೀಕರ್ ಪೆಟ್ಟಿಗೆ, ಕಾಲಲ್ಲಿ ಒತ್ತುವ ಪೆಡಲುಗಳು ಎಲ್ಲವನ್ನೂ ನಿಮ್ಮ ಬ್ಯಾಂಡಿನಲ್ಲಿ ಬೇಸ್ ನುಡಿಸುವ ದಪ್ಪತಂತಿಗೆ ಕೊಟ್ಟುಬಿಡು, ನನಗೆ ಅದರ ಮುಖ ನೋಡಲೂ ಇಷ್ಟವಿಲ್ಲ ಅಂತ. ಸರಿ, ನಿನ್ನ ಮಾತು ಮೀರಬಾರದು ಎಂದು ನಾನೇ ಅವನಿಗೆ ಹೇಳಿ ಕಳಿಸಿದೆ. ನಿನ್ನೆ ಮಧ್ಯಾಹ್ನ ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿದ. ಅಷ್ಟು ದೊಡ್ಡ ಆಳು, ಬೇಸ್ ಗಿಟಾರನ್ನು ಕೈಚೀಲದ ಹಾಗೆ ಹೊರುವವನು, ಒಳಗೆ ಬಂದು ನಿನ್ನ ಆಂಪನ್ನು ನೋಡಿ ಮುಖ ಸಣ್ಣ ಮಾಡಿಕೊಂಡ. ನಿನ್ನಷ್ಟು ಚೆನ್ನಾಗಿ ನುಡಿಸುವವರು ತಮ್ಮ ಬ್ಯಾಂಡಿಗೆ ಇನ್ನೂ ಸಿಕ್ಕಿಲ್ಲವಂತೆ. ನಾನೇನು ಹೇಳಲಿ? ಆವತ್ತು ಕಾರ್ಯಕ್ರಮದಲ್ಲಿ, ಆ ಸಭಾಂಗಣದಲ್ಲಿ ನಿನ್ನ ನಿಧಾನದ ಹಾಡು ಮಧ್ಯದಲ್ಲೇ ಕಲಸುಮೇಲೋಗರವಾಗಿ, ಜನ ಒಬ್ಬರ ಮುಖ ಒಬ್ಬರು ನೋಡಿದ್ದನ್ನು ನಾನೂ ಕಂಡಿದ್ದೆನಲ್ಲ. ಮನೆಗೆ ಬಂದು ‘ಮನೇಲಿ ಬರುತ್ತೆ, ಜನರ ಮುಂದೆ ಬರಲ್ಲ. ನನ್ನ ಕೈಯಲ್ಲೇ ಇಲ್ಲ ಅಮ್ಮ’ ಅಂದೆಯಲ್ಲ, ಆ ಮಾತು ನನ್ನ ಎದೆಯಲ್ಲಿ ಹಾಗೇ ಕೂತಿತ್ತು.

ಅವನು ಆಂಪಿಗೆ ಕೈ ಹಾಕಿದನೋ ಇಲ್ಲವೋ, ನಿಮ್ಮಪ್ಪ ಅಡ್ಡ ಬಂದರು. ಬೆಳಗಿನಿಂದ ಮುಖ ಗಂಟು ಹಾಕಿಕೊಂಡಿದ್ದರು, ಅಂಗಡಿಗೂ ಹೋಗಿರಲಿಲ್ಲ, ಯಾರದೋ ಕಾರಿನ ಸೀಟು ಅರ್ಧ ಹೊಲಿದದ್ದು ಹಾಗೇ ಬಿದ್ದಿತ್ತು. ‘ಆಂಪ್ ತಗೊಂಡು ಹೋಗಪ್ಪ, ಗವಸು ಮಾತ್ರ ಕೊಡಲ್ಲ. ಅದನ್ನ ನಾನು ನನ್ನ ಮಗಳಿಗೆ ಹೊಲಿದದ್ದು’ ಅಂದುಬಿಟ್ಟರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಗವಸಿನ ಸಂಭ್ರಮ ನಿನಗೆ ಗೊತ್ತೇ ಇದೆಯಲ್ಲ. ಯಾರೋ ಬಳಸಿ ಮಾರಿದ ಈ ಹಳೇ ಆಂಪ್ ಮನೆಗೆ ಬಂದ ದಿನವೇ, ನೀನು ಅದರ ಸುತ್ತ ಒಂದು ಸಲ ಸರಿಯಾಗಿ ಕಣ್ಣಾಡಿಸುವ ಮೊದಲೇ, ಅಳತೆಪಟ್ಟಿ ಹಿಡಿದು ಕೂತವರು ಅವರು. ಒಳ್ಳೆಯ ಕರಿ ರೆಕ್ಸಿನ್, ಒಳಗೆ ಫೋಮು, ಸ್ಪೀಕರಿಗೆ ಬಲೆ, ಗುಂಡಿಗಳಿಗೆ ಕಂಡಿ, ಬಿಸಿ ಹೊರಗೆ ಹೋಗಲು ಬೆನ್ನಿಗೂ ಒಂದು ಬಲೆ, ಎದೆಯ ಮೇಲೆ ಹಳದಿ ದಾರದಲ್ಲಿ ‘ಗುಬ್ಬಿ’. ಹುಟ್ಟಿದ ಕೂಸಿಗೂ ನಾವು ಅಷ್ಟು ನಾಜೂಕಾಗಿ ಅಂಗಿ ಹೊಲಿಸಿರಲಿಲ್ಲ. ನೀನೂ ಅಷ್ಟೇ, ಅಪ್ಪನಿಗೆ ಬೇಸರವಾದೀತೆಂದು ಒಂದು ದಿನವೂ ಅದನ್ನು ಬಿಚ್ಚಲಿಲ್ಲ. ಮನೆಯಲ್ಲೂ ಅದೇ, ವೇದಿಕೆಯ ಮೇಲೂ ಅದೇ.

ನಿನ್ನೆ ಅಪ್ಪ ತಾವೇ ಒತ್ತುಗುಂಡಿಗಳನ್ನು ಒಂದೊಂದಾಗಿ ಬಿಡಿಸಿ, ತಲೆಯ ಮೇಲಿಂದ ಅಂಗಿ ತೆಗೆಯುವ ಹಾಗೆ ಮೆಲ್ಲಗೆ ಗವಸು ತೆಗೆದರು. ದಪ್ಪತಂತಿ ಆಂಪನ್ನು ಎತ್ತಲು ಹಿಂದೆ ಹೋಗಿ ಬಗ್ಗಿದವನು ಬಗ್ಗಿದಂತೆಯೇ ನಿಂತ. ‘ಆಂಟೀ, ಇದಕ್ಕೆ ಲೂಪ್ ಇದೆ!’ ಎಂದು ಕೂಗಿದ. ನಾನು ಏನೋ ಹುಳವೆಂದು ಚಪ್ಪಲಿ ತಂದೆ. ಹುಳವಲ್ಲ ಕಣೇ. ಬೆನ್ನಿನ ಮೇಲೆ, ಸರಿಯಾಗಿ ಅಪ್ಪನ ರೆಕ್ಸಿನ್ ಪಟ್ಟಿ ಮುಚ್ಚಿಕೊಂಡಿದ್ದ ಜಾಗದಲ್ಲಿ, ಎರಡು ತೂತು. ಒಂದರ ಮೇಲೆ ಸೆಂಡ್, ಇನ್ನೊಂದರ ಮೇಲೆ ರಿಟರ್ನ್ ಅಂತ ಬರೆದಿದೆ. ಮರುದನಿ ಕೊಡುವ ನಿನ್ನ ಎಕೋ ಪೆಡಲು ಕೂರಬೇಕಾದದ್ದು ಅಲ್ಲಿಯಂತೆ! ‘ಇವಳು ಎಲ್ಲ ಪೆಡಲನ್ನೂ ಮುಂದೇನೇ ಹಾಕ್ತಿದ್ದಳಲ್ಲ, ನಾನೂ ನೋಡಿದೆ, ಹಿಂದೆ ಇದು ಇರೋದು ಯಾರಿಗೆ ಗೊತ್ತಿತ್ತು’ ಅಂತ ತಲೆ ತಲೆ ಚಚ್ಚಿಕೊಂಡ.

ನನಗೆ ಅರ್ಥವಾದ ಹಾಗೆ ಹೇಳುತ್ತೇನೆ, ತಪ್ಪಿದ್ದರೆ ಲಾಂಡ್ರಿಯವಳೆಂದು ಕ್ಷಮಿಸು. ಆಂಪಿನೊಳಗೆ ಎರಡು ಕೆಲಸ ನಡೆಯುತ್ತವಂತೆ. ಮುಂದಿನ ಭಾಗ ಗಿಟಾರಿನ ದನಿಗೆ ಗರಗರ ಗಡಸು ಕೊಡುತ್ತದೆ, ಹಿಂದಿನ ಭಾಗ ಅದನ್ನು ಎತ್ತಿ ಜೋರು ಮಾಡುತ್ತದೆ. ಎಕೋ ಸೇರಬೇಕಾದದ್ದು ಗಡಸು ಬಂದ ಮೇಲೆ, ಅವೆರಡರ ನಡುವೆ. ಆ ನಡುವಿನ ದಾರಿಯೇ ಲೂಪು. ನೀನು ಎಕೋವನ್ನು ಮೊದಲೇ ಸೇರಿಸಿ ಕಳಿಸುತ್ತಿದ್ದೆ, ಆಮೇಲೆ ಆಂಪು ಸ್ವರವನ್ನೂ ಅದರ ಮರುದನಿಯನ್ನೂ ಒಟ್ಟಿಗೆ ಹಾಕಿ ರುಬ್ಬುತ್ತಿತ್ತು. ಬಟ್ಟೆಗೆ ಗಂಜಿ ಹಾಕಿ ಆಮೇಲೆ ಒಗೆದ ಹಾಗೆ! ಒಗೆದು ಆಮೇಲೆ ತಾನೇ ಗಂಜಿ? ಮತ್ತೆ ಮನೆಯಲ್ಲಿ ಹೇಗೆ ಚೆನ್ನಾಗಿ ಬರುತ್ತಿತ್ತು ಎಂದು ಕೇಳಿದೆ. ಪಕ್ಕದ ಮನೆಯವರಿಗೆ ಹೆದರಿ ನೀನು ಗುಂಡಿಗಳನ್ನೆಲ್ಲ ಇಳಿಸಿಟ್ಟುಕೊಳ್ಳುತ್ತಿದ್ದೆಯಲ್ಲ, ಅಷ್ಟಕ್ಕೆ ಆಂಪು ಗಡಸು ಹಿಡಿಯುತ್ತಲೇ ಇರಲಿಲ್ಲವಂತೆ. ಸಭಾಂಗಣದಲ್ಲಿ ಏರಿಸಿದೆ ನೋಡು, ಆಗ ಹಿಡಿಯಿತು. ಜನರನ್ನು ಕಂಡು ನಿನ್ನ ಕೈ ಹೆದರಿದ್ದಲ್ಲ ಗುಬ್ಬೀ!

ನಾನು ಸುಮ್ಮನೆ ನಂಬುವವಳಲ್ಲ, ತೋರಿಸು ಅಂದೆ. ಅವನು ಮೊದಲು ನಿನ್ನ ಹಾಗೆಯೇ ಎಲ್ಲ ಪೆಡಲುಗಳನ್ನು ಮುಂದೆ ಸಿಕ್ಕಿಸಿ, ಆವತ್ತಿನಷ್ಟೇ ಗುಂಡಿ ಏರಿಸಿ, ನಿನ್ನ ನಿಧಾನದ ಹಾಡನ್ನು ನುಡಿಸಿದ. ಅಯ್ಯೋ, ಅದೇ ಗಲೀಜು! ಅಷ್ಟು ವರ್ಷ ಪಳಗಿದವನ ಕೈಯಲ್ಲೂ ಅದೇ ಕಲಸುಮೇಲೋಗರ! ನನಗೆ ಕುಣಿಯುವಷ್ಟು ಖುಷಿಯಾಯಿತು. ಕೆಟ್ಟದಾಗಿ ನುಡಿಸಿದವನಿಗೆ ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ ಇರಬೇಕು. ಆಮೇಲೆ ಎಕೋವನ್ನು ಕಿತ್ತು, ಗಡಸಿನ ಪೆಡಲನ್ನು ಮುಂದೆಯೇ ಬಿಟ್ಟು, ವ್ಯಾನಿನಿಂದ ಎರಡು ಉದ್ದ ವಯರು ತಂದು ಹಿಂದಕ್ಕೆ ಎಳೆದ. ಅವಸರದಲ್ಲಿ ಅದಲು ಬದಲು ಸಿಕ್ಕಿಸಿದನಂತೆ, ಆಂಪು ಪೂರ್ತಿ ಮೂಕವಾಯಿತು. ‘ಕೊಂದೆಯಲ್ಲೋ!’ ಎಂದು ಅಪ್ಪ ಎದ್ದೇಬಿಟ್ಟರು. ಸೆಂಡಿನಿಂದ ಪೆಡಲಿನೊಳಕ್ಕೆ, ಪೆಡಲಿನಿಂದ ರಿಟರ್ನಿಗೆ ಎಂದು ಮತ್ತೆ ಸಿಕ್ಕಿಸಿ, ಒಂದೇ ಒಂದು ಸ್ವರ ಮೀಟಿದ.

ಏನು ಹೇಳಲಿ! ಸ್ವರ ಗಡಸಾಗಿ ಎದುರಿಗೆ ನಿಂತಿತು. ಅದರ ಹಿಂದೆ ಮರುದನಿ, ಮತ್ತೊಂದು ಮರುದನಿ, ಒಂದರ ಕಾಲು ಒಂದು ತುಳಿಯದೆ, ಸಾಲಾಗಿ, ಸಣ್ಣದಾಗುತ್ತಾ ಹೋದವು. ಅಡುಗೆಮನೆಯ ಲೋಟಗಳು ಕೂಡ ಗುಂಯ್ ಅಂದವು. ನೀನು ಆ ಹಾಡು ಹೀಗಿರಬೇಕು ಎಂದು ನನಗೆ ಬಾಯಲ್ಲಿ ಹಾಡಿ ತೋರಿಸುತ್ತಿದ್ದೆಯಲ್ಲ, ಹಾಗೇ ಇತ್ತು. ಪಕ್ಕದ ಮನೆಯ ನರ್ಸಮ್ಮ ಬೈಯಲು ಬಂದವರು ಬಾಗಿಲಲ್ಲೇ ನಿಂತು, ‘ಇದು ಚೆನ್ನಾಗಿದೆಯಲ್ಲ’ ಅಂದರು. ನಾನು ಅತ್ತೆ. ಅತ್ತದ್ದಕ್ಕೆ ನಾಚಿಕೆಯೇನೂ ಇಲ್ಲ.

ಅಪ್ಪ ಮಾತ್ರ ಗವಸನ್ನು ಮಡಿಲಲ್ಲಿ ಇಟ್ಟುಕೊಂಡು, ಆ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಕೂತಿದ್ದರು. ಆಮೇಲೆ ದೊಡ್ಡ ಕತ್ತರಿ ತಂದರು. ಬೇಡ ಅನ್ನುವಷ್ಟರಲ್ಲಿ ಬೆನ್ನಿನ ಪಟ್ಟಿಯನ್ನು ಕತ್ತರಿಸಿಯೇಬಿಟ್ಟರು. ಸಂಜೆ ಅಂಗಡಿಗೆ ಒಯ್ದು, ಆ ಕಿಟಕಿಗೆ ಸುತ್ತಲೂ ಅಂಚು ಹೊಲಿದು, ಮೇಲೊಂದು ಮುಚ್ಚಳ ಹಚ್ಚಿ, ಎರಡು ಉದ್ದ ವಯರಿಗೂ ರೆಕ್ಸಿನ್ನಿನ ತೋಳು ತೊಡಿಸಿ ತಂದಿದ್ದಾರೆ. ಅವರ ಹುಚ್ಚು ಬಿಟ್ಟೀತೇ? ಈಗ ಮುಚ್ಚಳದ ಮೇಲೂ ಹಳದಿ ದಾರದಲ್ಲಿ ಒಂದು ಸಣ್ಣ ಗುಬ್ಬಿ ಇದೆ, ನೋಡಲು ಕೋಳಿಯ ಹಾಗಿದೆ, ನಾನು ಹೇಳಿದೆ ಎನ್ನಬೇಡ.

ನಾಳೆ ಬೆಳಿಗ್ಗೆ ಅಂಚೆಪೆಟ್ಟಿಗೆ ತೆರೆಯುವ ಮೊದಲೇ ಇದನ್ನು ಹಾಕಿಬಿಡಬೇಕು. ಮೈ ಬೆಚ್ಚಗಿಟ್ಟುಕೋ, ನಿನ್ನ ಕೋಣೆಯ ಗೆಳತಿಯನ್ನು ಕೇಳಿದೆನೆಂದು ಹೇಳು. ನಿನಗೆ ಎಲ್ಲ ಒಳ್ಳೆಯದೇ ಆಗಲಿ, ನನ್ನ ಚಿನ್ನ.

ನಿನ್ನ ಅಮ್ಮ

ಮರೆತೆ: ದಪ್ಪತಂತಿ ಖಾಲಿ ವ್ಯಾನಿನಲ್ಲಿ ವಾಪಸು ಹೋದ. ನಾನು ಏನನ್ನೂ ಕೊಡಲಿಲ್ಲ. ಬರುವ ತಿಂಗಳ ಎರಡನೇ ಶನಿವಾರ ಅದೇ ಸಭಾಂಗಣದಲ್ಲಿ ಅವರ ಕಾರ್ಯಕ್ರಮ, ಮೊದಲನೆಯದೇ ನಿನ್ನ ನಿಧಾನದ ಹಾಡು. ನೀನು ಬರುತ್ತೀಯ ಎಂದು ನಿನ್ನನ್ನು ಕೇಳದೆ ಹೇಳಿಬಿಟ್ಟಿದ್ದೇನೆ, ಬಂದು ಎಷ್ಟು ಬೇಕಾದರೂ ಬೈ. ಆದರೆ ಬಾ. ನಿನ್ನೆಯಿಂದ ಅಪ್ಪ ಒಂದೇ ಮಾತು ಕೇಳುತ್ತಿದ್ದಾರೆ, ‘ಅವಳ ಕೈಯ ತಪ್ಪಲ್ಲ ಅಂತ ಅವಳಿಗೆ ಬರೆದೆಯಾ?’ ಬರೆದಿದ್ದೇನೆ. ಅವರ ಕೈಯ ತಪ್ಪೂ ಅಲ್ಲ ಎಂದು ನಾನು ಹೇಳಿದರೆ ಅವರು ನಂಬುತ್ತಿಲ್ಲ ಗುಬ್ಬೀ, ಅದನ್ನು ನೀನೇ ಬಂದು ಹೇಳಬೇಕು.