ಪಾಕದ ಹದಕ್ಕೆ ಕೆಂಪು ಗೆರೆ

೧೨ ಜೂನ್ ೧೯೩೪, ಮಂಗಳವಾರ

‘ಹದ’ ಎಂಬ ಪದದ ಹಲವು ಅರ್ಥಗಳ ಮೇಲೆ ಅಂಕಣ ಬರೆದು ಕೊಟ್ಟಿದ್ದೆ. ಸಂಪಾದಕ ಪಂಢರಿನಾಥರಾಯರು ಬಿತ್ತುವ ಹೊಲದ ಹದವನ್ನೂ ಕ್ಷೌರದ ಕತ್ತಿಯ ಹದವನ್ನೂ ಉಳಿಸಿ, ಬೆಲ್ಲದ ಪಾಕದ ಹದಕ್ಕೆ ಮಾತ್ರ ಕೆಂಪು ಗೆರೆ ಎಳೆದರು.

“ಅಡಗಿಮನಿ ಮಾತು ಪತ್ರಿಕ್ಯಾಗ ಯಾಕ್ರಿ?”

ಮನೆಯಲ್ಲಿ ಹೇಳಿದರೆ ಹೆಂಡತಿ ಗೋದಾಬಾಯಿ ನಕ್ಕಳು. “ಹೋದ ಪಂಚಮಿಗೆ ನಮ್ಮ ಉಂಡಿ ಚಪ್ಪರಿಸಿ ತಿಂದಾಗ ರಾಯರಿಗೆ ಇದು ಹೊಳೀಲಿಲ್ಲೇನ್ರಿ?” ‘ಪಾಕದ ಹನಿ ನೀರಿನಲ್ಲಿ ಕರಗದೆ ಉಂಡೆಯಾಗಬೇಕು’ ಎಂದು ನಾನು ಬರೆದು, ರಾಯರು ಹೊಡೆದುಹಾಕಿದ ಆ ಸಾಲು ಒಲೆಯ ಮುಂದೆ ಕೂತು ಅವಳೇ ಹೇಳಿದ್ದು.

ನಾಳೆ ಛಾಪಖಾನೆಗೆ ಹೋಗಿ ಗಂಭೀರವಾಗಿ ಘೋಷಿಸುತ್ತೇನೆ: ಪಾಕವೇ ಮೊದಲು, ಹೊಲವೂ ಕತ್ತಿಯೂ ಅದರ ಹಿಂದೆ. ಒಪ್ಪದಿದ್ದರೆ ಆ ಜಾಗದಲ್ಲಿ ತಲೆಯೆಣ್ಣೆಯ ಜಾಹೀರಾತು ಹಾಕಿಕೊಳ್ಳಲಿ. ಸಾಲಿನ ಪಕ್ಕ ಗೋದಾಬಾಯಿಯ ಹೆಸರೂ ಇರಬೇಕು. ಅದನ್ನು ಅವಳಿಗೆ ಹೇಳುವ ಧೈರ್ಯ ಮಾತ್ರ ಬೆಳಗಿನ ಚಹಾ ಕುಡಿದ ಮೇಲೆ…